ಬೂಟು ಬಿಚ್ಚಿಸಿ ಕಾಲು ನೋಡುವ ಕೆಲಸ: ಮಾಜಿ ಸೈನಿಕರ ರಕ್ತನಾಳ ಪರೀಕ್ಷೆಯ ಬಗ್ಗೆ ನಿಮ್ಮ ಸಲಹೆ ಬೇಕು

ನಾಳ ತಂತ್ರಜ್ಞೆ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಆಸ್ಪತ್ರೆಯ ರಕ್ತನಾಳ ಪರೀಕ್ಷಾ ವಿಭಾಗದಲ್ಲಿ ನಾನು ತಂತ್ರಜ್ಞೆ. ಇದು ಆರನೇ ವರ್ಷ. ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ಮಾಜಿ ಸೈನಿಕರು. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಮತ್ತು ಪಾಲಿಕ್ಲಿನಿಕ್ ಕೊಟ್ಟ ಚೀಟಿ ಹಿಡಿದು ಬೆಳಿಗ್ಗೆ ಎಂಟಕ್ಕೆಲ್ಲ ಬಂದು ಕುಳಿತಿರುತ್ತಾರೆ. ಅರಕಲಗೂಡು, ಆಲೂರು, ಸಕಲೇಶಪುರ, ಹೊಳೆನರಸೀಪುರ ಎಲ್ಲ ಕಡೆಯವರೂ ಇರುತ್ತಾರೆ. ಹೊತ್ತಿಗೆ ಮುಂಚೆ ಬರುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ.

ನನ್ನ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ರೋಗಿಯನ್ನು ಹತ್ತು ನಿಮಿಷ ಅಂಗಾತ ಮಲಗಿಸಿ, ಎರಡೂ ತೋಳಿಗೆ ಮತ್ತು ಎರಡೂ ಕಾಲಿನ ಹರಡಿನ ಮೇಲೆ ಬಿಪಿ ಪಟ್ಟಿ ಕಟ್ಟುತ್ತೇನೆ. ಶಬ್ದತರಂಗದಿಂದ ರಕ್ತದ ಹರಿವು ಪತ್ತೆಹಚ್ಚುವ, ಪೆನ್ನಿನಷ್ಟು ದಪ್ಪದ ಕೈ ಡಾಪ್ಲರ್ ಅನ್ನು ಜೆಲ್ ಹಚ್ಚಿದ ಪಾದದ ಮೇಲಿಟ್ಟು ರಕ್ತ ಹರಿಯುವ ಸದ್ದು ಹಿಡಿಯುತ್ತೇನೆ. ಪಟ್ಟಿಯ ಗಾಳಿ ಏರಿಸಿದಾಗ ಸದ್ದು ನಿಲ್ಲುತ್ತದೆ, ಇಳಿಸುವಾಗ ಮತ್ತೆ ಬರುತ್ತದೆ. ಮತ್ತೆ ಬಂದ ಆ ಕ್ಷಣದ ಒತ್ತಡವನ್ನು ಬರೆದುಕೊಳ್ಳುತ್ತೇನೆ. ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಆರೋಗ್ಯವಂತರಲ್ಲಿ ಅದು 1ರಿಂದ 1.4ರ ಒಳಗೆ ಇರುತ್ತದೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ತರುವ ನಾಳದಲ್ಲಿ, ಅಂದರೆ ಅಪಧಮನಿಯಲ್ಲಿ, ಅಡಚಣೆ ಇದೆ ಎಂದರ್ಥ. ಆಮೇಲೆ ವೈದ್ಯರು ಅಲ್ಟ್ರಾಸೌಂಡ್ ಯಂತ್ರದಲ್ಲಿ ಬಣ್ಣದ ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಪಕ್ಕದಲ್ಲಿ ನಿಂತು ಕಾಲನ್ನು ಬೇಕಾದ ಹಾಗೆ ತಿರುಗಿಸುವುದು, ಅಳತೆ ಬರೆದುಕೊಳ್ಳುವುದು, ಚಿತ್ರ ಜೋಡಿಸುವುದು ನನ್ನ ಪಾಲಿನ ಕೆಲಸ.

ಈಗ ನನ್ನ ಪ್ರಶ್ನೆ. ಕಳೆದ ತಿಂಗಳು ಒಬ್ಬರು ಬಂದಿದ್ದರು. ಗುರುತು ಸಿಗದಂತೆ ವಿವರ ಬದಲಿಸಿ ಹೇಳುತ್ತಿದ್ದೇನೆ. ಅರವತ್ತು ದಾಟಿದವರು, ಶ್ರೀಲಂಕಾಕ್ಕೆ ಹೋಗಿದ್ದ ಶಾಂತಿಪಾಲನಾ ಪಡೆಯಲ್ಲಿ ಇದ್ದವರು. ಚೀಟಿಯಲ್ಲಿ ‘ಕಾಲು ಜೋಮು’ ಎಂದಷ್ಟೇ ಬರೆದಿತ್ತು. “ಅಪ್ಪಾಜಿ, ನಡೆಯುವಾಗ ನೋವು ಬರುತ್ತದೆಯೇ?” ಎಂದೆ. “ಇಲ್ಲ ಮೇಡಂ, ಏನೂ ಇಲ್ಲ, ವಯಸ್ಸಾಯಿತಲ್ಲ” ಎಂದರು. ರಾತ್ರಿ ಮಲಗಿದಾಗ? ಇಲ್ಲ. ಗಾಯ? ಇಲ್ಲ. ಕಾಲುಚೀಲ ತೆಗೆಯಲು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ತೆಗೆದ ಮೇಲೆ ನೋಡಿದರೆ ಹೆಬ್ಬೆರಳಿನ ತುದಿ ಕಪ್ಪಾಗಿತ್ತು. ತೋಳಿನಲ್ಲಿ 150, ಹರಡಿನಲ್ಲಿ 72. ಲೆಕ್ಕ 0.48. ಅಂಥ ಕಾಲು ಇಟ್ಟುಕೊಂಡು ಆ ಮನುಷ್ಯ ರಾತ್ರಿ ನಿದ್ದೆ ಮಾಡಿರುವುದು ಸಾಧ್ಯವೇ ಇರಲಿಲ್ಲ. ಆದರೂ ನನ್ನ ಮುಂದೆ ಮೂರು ಸಲ ‘ಇಲ್ಲ’ ಎಂದರು.

ಇದು ಅವರೊಬ್ಬರ ಮಾತಲ್ಲ. ಯಂತ್ರ ಕೈಗೆ ಪಳಗಿದೆ, ಸದ್ದು ಕಿವಿಗೆ ಪಳಗಿದೆ. ನೋವಿಲ್ಲ ಎನ್ನುವವರಿಂದ ನೋವಿನ ಮಾತು ಹೊರಡಿಸುವುದು ಮಾತ್ರ ನನಗೆ ಇನ್ನೂ ಬಂದಿಲ್ಲ. ಸೈನ್ಯದಲ್ಲಿದ್ದವರು, ಅವರ ಮನೆಯವರು, ಇದೇ ಕೆಲಸದಲ್ಲಿರುವವರು ಯಾರಾದರೂ ದಾರಿ ಹೇಳಿ.

ವಿದ್ಯಾರ್ಥಿ, ಚನ್ನರಾಯಪಟ್ಟಣ

ಅಕ್ಕ, ನಾನು ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಓದುತ್ತಿದ್ದೇನೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಬಗ್ಗೆ ಎಲ್ಲರೂ ಹೇಳುತ್ತಾರೆ. ರಕ್ತನಾಳ ಪರೀಕ್ಷೆಯೇ ಒಂದು ಕೆಲಸ ಎಂದು ಯಾರೂ ಹೇಳಿರಲಿಲ್ಲ. ಅಲ್ಟ್ರಾಸೌಂಡ್ ಸ್ಕ್ಯಾನ್ ಅನ್ನು ನೀವೇ ಯಾಕೆ ಮಾಡುವುದಿಲ್ಲ? ಅಮೆರಿಕದಲ್ಲಿ ತಂತ್ರಜ್ಞರೇ ಮಾಡುತ್ತಾರೆ ಎಂದು ಕೇಳಿದ್ದೇನೆ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕೆಲಸ ಸಿಗುತ್ತದೆಯೇ?

ರೇಡಿಯಾಲಜಿ ವೈದ್ಯ, ಚಿಕ್ಕಮಗಳೂರು

ವಿದ್ಯಾರ್ಥಿಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇದರಲ್ಲಿ ತಪ್ಪು ತಿಳಿವಳಿಕೆ ಇದ್ದರೆ ಮುಂದೆ ಕಷ್ಟವಾಗುತ್ತದೆ. ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರ 1994ರ ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆಯ ಅಡಿ ನೋಂದಣಿಯಾಗಿರಬೇಕು. ಕಾಲಿನ ರಕ್ತನಾಳ ನೋಡಲೆಂದೇ ತಂದ ಯಂತ್ರವಾದರೂ ಅದರಿಂದ ಭ್ರೂಣವನ್ನು ನೋಡಲು ಸಾಧ್ಯವಿದ್ದರೆ ಕಾಯ್ದೆಯ ಕಣ್ಣಿನಲ್ಲಿ ಅದೂ ಒಂದೇ. ಸ್ಕ್ಯಾನ್ ಮಾಡುವವರು ಅರ್ಹತೆ ಇರುವ ವೈದ್ಯರಾಗಿರಬೇಕು. ಹೆಣ್ಣು ಭ್ರೂಣಗಳನ್ನು ಉಳಿಸಲು ಬಂದ ಕಾನೂನು ಇದು, ಅದರ ಕಟ್ಟುನಿಟ್ಟನ್ನು ನಾನು ಗೌರವಿಸುತ್ತೇನೆ. ‘ನೀನೇ ಸ್ಕ್ಯಾನ್ ಮಾಡಿಬಿಡು, ನಾನು ಸಹಿ ಹಾಕುತ್ತೇನೆ’ ಎನ್ನುವ ಕಡೆ ಕೆಲಸಕ್ಕೆ ಸೇರಬೇಡಪ್ಪ. ಸಿಕ್ಕಿಬೀಳುವವನು ನೀನೂ ಆಗುತ್ತೀಯ.

ಹಾಗೆಂದು ತಂತ್ರಜ್ಞರ ಕೆಲಸ ಸಣ್ಣದಲ್ಲ. ಒತ್ತಡದ ಅಳತೆ ತಪ್ಪಿದರೆ ನನ್ನ ಸ್ಕ್ಯಾನೂ ದಾರಿ ತಪ್ಪುತ್ತದೆ. ರೋಗಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಬಂದು ತಕ್ಷಣ ಪಟ್ಟಿ ಕಟ್ಟಿದರೆ ಸಂಖ್ಯೆಯೇ ಬೇರೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ಮೋಸವಿದೆ. ಅಪಧಮನಿಯ ಗೋಡೆಯಲ್ಲಿ ಸುಣ್ಣದ ಅಂಶ ಕಟ್ಟಿ ಅದು ಕೊಳವೆಯ ಹಾಗೆ ಗಟ್ಟಿಯಾಗಿರುತ್ತದೆ, ಪಟ್ಟಿ ಎಷ್ಟು ಬಿಗಿದರೂ ಅಮುಕುವುದಿಲ್ಲ. ಆಗ 1.4ಕ್ಕಿಂತ ಹೆಚ್ಚು ಬರುತ್ತದೆ. ತಿಳಿಯದವರು ‘ಭೇಷಾಗಿದೆ’ ಎಂದು ಮನೆಗೆ ಕಳಿಸುತ್ತಾರೆ. ಅಂಥವರಿಗೆ ಹೆಬ್ಬೆರಳಿಗೆ ಸಣ್ಣ ಪಟ್ಟಿ ಕಟ್ಟಿ ನೋಡಬೇಕು. ಬೆರಳಿನ ನಾಳಗಳಲ್ಲಿ ಸಾಮಾನ್ಯವಾಗಿ ಅಷ್ಟು ಸುಣ್ಣ ಕಟ್ಟಿರುವುದಿಲ್ಲ. ತೋಳಿನ ಒತ್ತಡದ 0.7ಕ್ಕಿಂತ ಕಡಿಮೆ ಬಂದರೆ ಅದು ತೊಂದರೆಯೇ. ಬೆರಳಿನ ಒತ್ತಡ 30ಕ್ಕಿಂತ ಕೆಳಗೆ ಇಳಿದಿದ್ದರೆ ಒಂದು ದಿನವೂ ಕಾಯಿಸಬಾರದು.

ಸಂಕುಚಿತವಾದ ಜಾಗವನ್ನು ಡಾಪ್ಲರ್ ಹೇಗೆ ಹಿಡಿಯುತ್ತದೆ ಎಂಬುದನ್ನು ನಾನು ನಮ್ಮ ಕಡೆಯ ಹುಡುಗರಿಗೆ ತೋಟದ ಭಾಷೆಯಲ್ಲೇ ಹೇಳುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆಂದು ಸ್ಪ್ರಿಂಕ್ಲರ್ ಹಾಕುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟು ನೋಡಿರುತ್ತೀರಿ. ನೀರು ಚಿಮ್ಮುವ ವೇಗ ಹೆಚ್ಚುತ್ತದೆ. ರಕ್ತವೂ ಹಾಗೆಯೇ. ಕುತ್ತಿಗೆಯಲ್ಲಿ ಮೆದುಳಿಗೆ ಹೋಗುವ ಒಳ ಕ್ಯಾರೋಟಿಡ್ ನಾಳದಲ್ಲಿ ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಅರ್ಧದಷ್ಟಾದರೂ ಮುಚ್ಚಿರಬಹುದು ಎಂದು, 230 ದಾಟಿದರೆ 70 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಎಂದು ಅಂದಾಜಿಸುತ್ತೇವೆ. ಆದರೆ ಶಬ್ದದ ಕಿರಣ ನಾಳಕ್ಕೆ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಕೋನದಲ್ಲಿ ತಾಗಬೇಕು. ಅದನ್ನು ದಾಟಿದರೆ ಕೋನದ ಸಣ್ಣ ತಪ್ಪೂ ವೇಗದ ಲೆಕ್ಕವನ್ನು ಕೆಡಿಸಿಬಿಡುತ್ತದೆ.

ಮಾತು ಹೊರಡಿಸುವ ವಿದ್ಯೆ ನನಗೂ ಅಷ್ಟಾಗಿ ಇಲ್ಲ. ಯಾರಾದರೂ ಹೇಳಲಿ, ನಾನೂ ಕಲಿಯುತ್ತೇನೆ.

ಸೈನಿಕನ ಮಗಳು, ಮೂಡಿಗೆರೆ

ನಾಳ ತಂತ್ರಜ್ಞೆಯವರೇ, ನಿಮ್ಮ ಬರಹ ಓದಿ ಕೈ ನಡುಗಿತು. ಅದು ನಮ್ಮ ಅಪ್ಪನ ಕಥೆಯೇ.

ಅಪ್ಪ ನಿವೃತ್ತರಾದ ಮೇಲೆ ಎರಡು ಎಕರೆ ಕಾಫಿ, ಮೆಣಸು ನೋಡಿಕೊಂಡಿದ್ದರು. ಹರಡಿನ ಹತ್ತಿರ ಒಂದು ಹುಣ್ಣಾಯಿತು. ಜಿಗಣೆ ಕಚ್ಚಿದ್ದು ಎಂದರು. ಎರಡು ತಿಂಗಳಾದರೂ ಮಾಯಲಿಲ್ಲ. ತೋರಿಸಿದ ಕಡೆ, ಹೆಸರು ಬೇಡ, ನರ ಉಬ್ಬಿದ್ದರಿಂದ ಆದ ಹುಣ್ಣು ಎಂದು ಹೇಳಿ ಮೊಣಕಾಲಿನವರೆಗೆ ಬಿಗಿಯಾಗಿ ಪಟ್ಟಿ ಸುತ್ತಿದರು. ಹರಡಿನ ಒತ್ತಡ ಯಾರೂ ನೋಡಲಿಲ್ಲ. ಅಪ್ಪ ಆ ಪಟ್ಟಿಯನ್ನು ಐದು ದಿನ ಬಿಚ್ಚಲಿಲ್ಲ. ‘ಡಾಕ್ಟರ್ ಆರ್ಡರ್’ ಎನ್ನುತ್ತಿದ್ದರು. ರಾತ್ರಿ ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟು ಕುಳಿತಿರುತ್ತಿದ್ದರು. ಏನಪ್ಪಾ ಎಂದರೆ ಸೆಕೆ ಎನ್ನುತ್ತಿದ್ದರು. ಜುಲೈ ತಿಂಗಳ ಮಲೆನಾಡಿನಲ್ಲಿ ಸೆಕೆ! ನಾನು ಆಗಲೇ ಅರ್ಥ ಮಾಡಿಕೊಳ್ಳಬೇಕಿತ್ತು. ಎರಡು ಬೆರಳು ಹೋದವು. ಮಂಗಳೂರಿನಲ್ಲಿ ನೋಡಿದ ವೈದ್ಯರು ಅಪಧಮನಿಯಲ್ಲೇ ಅಡಚಣೆ ಇದ್ದಾಗ ಹಾಗೆ ಬಿಗಿಯಬಾರದಿತ್ತು ಎಂದರು.

ನನ್ನ ಸಲಹೆ ಒಂದೇ. ರೋಗಿಯನ್ನು ಕೇಳಬೇಡಿ, ಜೊತೆಗೆ ಬಂದ ಹೆಂಡತಿಯನ್ನು ಕೇಳಿ. “ರಾತ್ರಿ ಯಜಮಾನರು ಎಲ್ಲಿ ಮಲಗುತ್ತಾರೆ, ಹೇಗೆ ಮಲಗುತ್ತಾರೆ?” ಎಂದು ಕೇಳಿ. ನಮ್ಮ ಅಮ್ಮನಿಗೆ ಎಲ್ಲವೂ ಗೊತ್ತಿತ್ತು. ಯಾರೂ ಅವಳನ್ನು ಕೋಣೆಯ ಒಳಗೆ ಕರೆಯಲಿಲ್ಲ.

ನಾಳ ತಂತ್ರಜ್ಞೆ, ಹಾಸನ

ತಂಗಿ, ನಿಮ್ಮ ಅಪ್ಪ ಈಗ ಹೇಗಿದ್ದಾರೆ ತಿಳಿಸಿ. ಕಾಲು ಇಳಿಬಿಟ್ಟು ಕೂರುವುದು ಈ ಕಾಯಿಲೆಯ ದೊಡ್ಡ ಗುರುತು. ಕಾಲು ಕೆಳಗೆ ಬಿಟ್ಟರೆ ರಕ್ತ ತನ್ನ ಭಾರಕ್ಕೇ ಸ್ವಲ್ಪ ಇಳಿಯುತ್ತದೆ, ನೋವು ತಗ್ಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಮನೆಯವರನ್ನು ಒಳಗೆ ಕರೆಯಬೇಕೆಂದು ಮಾತ್ರ ಹೊಳೆದಿರಲಿಲ್ಲ. ನಮ್ಮ ಕೋಣೆ ಸಣ್ಣದು ಎಂದು ಎಲ್ಲರನ್ನೂ ಹೊರಗೆ ಕೂರಿಸುತ್ತಿದ್ದೆವು. ನಾಳೆಯಿಂದಲೇ ಬದಲಿಸುತ್ತೇನೆ.

ಸೈನಿಕನ ಮಗಳು, ಮೂಡಿಗೆರೆ

ನಡೆಯುತ್ತಾರೆ ಅಕ್ಕ. ತೋಟದ ಕೆಳಗಿನ ಪಾತಿಯವರೆಗೆ ಹೋಗಿ ಬರುತ್ತಾರೆ. ಬೀಡಿ ಬಿಟ್ಟಿದ್ದಾರೆ.

ತೋಟದ ರೈಟರ್, ಬಾಳೆಹೊನ್ನೂರು

ಸೈನಿಕರ ಮಾತಿನ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಲೈನಿನ ಕೆಲಸಗಾರರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮೀನಖಂಡದ ನರ ಹಗ್ಗದ ಹಾಗೆ ಉಬ್ಬಿರುವವರು ಬಹಳ ಜನ. ದಿನವಿಡೀ ನಿಂತೇ ಕೆಲಸ. ಬಿಗಿಯಾದ ಕಾಲುಚೀಲ ತರಿಸಿಕೊಡೋಣ ಎಂದು ಮಾಲೀಕರಿಗೆ ಹೇಳಿದ್ದೆ. ಮೇಲಿನದನ್ನು ಓದಿದ ಮೇಲೆ ಭಯವಾಗಿದೆ. ಕೊಡಿಸಬಹುದೇ?

ರೇಡಿಯಾಲಜಿ ವೈದ್ಯ, ಚಿಕ್ಕಮಗಳೂರು

ಕೊಡಿಸಬಹುದು, ಒಳ್ಳೆಯ ಯೋಚನೆಯೇ. ಉಬ್ಬುವುದು ಅಭಿಧಮನಿ, ಅಂದರೆ ರಕ್ತವನ್ನು ಮೇಲಕ್ಕೆ ಒಯ್ಯುವ ನಾಳ. ಅದರ ಕವಾಟ ಕೆಟ್ಟು ರಕ್ತ ಹಿಂದಕ್ಕೆ ಜಾರುತ್ತದೆ. ಸ್ಕ್ಯಾನ್ ಮಾಡುವಾಗ ಮೀನಖಂಡವನ್ನು ಹಿಂಡಿ ಬಿಟ್ಟು, ಚರ್ಮದ ಕೆಳಗಿನ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಸೋತಿದೆ ಎನ್ನುತ್ತೇವೆ. ಅದಕ್ಕೆ ಬಿಗಿ ಕಾಲುಚೀಲ ಉಪಯೋಗ. ಆದರೆ ಹಾಕುವ ಮುಂಚೆ ಒಂದು ಸಲ ಹರಡಿನ ಒತ್ತಡ ನೋಡಿಸಿ, ಮುಖ್ಯವಾಗಿ ಐವತ್ತು ದಾಟಿದವರಿಗೆ, ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿಕೊಂಡು ನೋಯುತ್ತಿದ್ದರೆ ಕಾಲುಚೀಲದ ಮಾತೇ ಬೇಡ, ಅದೇ ದಿನ ಆಸ್ಪತ್ರೆಗೆ ಕಳಿಸಿ. ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದರ ಪರೀಕ್ಷೆ ಸರಳ: ಪ್ರೋಬ್‌ನಿಂದ, ಅಂದರೆ ಸ್ಕ್ಯಾನ್ ಯಂತ್ರದ ಕೈಯಲ್ಲಿ ಹಿಡಿಯುವ ಭಾಗದಿಂದ, ಅಮುಕಿದಾಗ ಒಳ್ಳೆಯ ಅಭಿಧಮನಿ ಪೂರ್ತಿ ಚಪ್ಪಟೆಯಾಗುತ್ತದೆ, ಹೆಪ್ಪು ಇದ್ದರೆ ಆಗುವುದಿಲ್ಲ.

ದೂರದ ಸಕಲೇಶಪುರದವಳು

ನನ್ನ ತವರು ಸಕಲೇಶಪುರ. ಈಗ ಅಮೆರಿಕದ ಒಂದು ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರಕ್ತನಾಳ ಅಲ್ಟ್ರಾಸೌಂಡ್ ತಂತ್ರಜ್ಞೆ. ಹಾಸನದ ಅಕ್ಕ ಬರೆದ ‘ಏನೂ ಇಲ್ಲ ಮೇಡಂ’ ಎಂಬುದನ್ನು ನಾನು ಇಲ್ಲಿ ದಿನಕ್ಕೆ ಐದು ಸಲ ಬೇರೆ ಭಾಷೆಯಲ್ಲಿ ಕೇಳುತ್ತೇನೆ.

ವಿದ್ಯಾರ್ಥಿ ತಮ್ಮನಿಗೆ: ಇಲ್ಲಿ ಸ್ಕ್ಯಾನ್ ಪೂರ್ತಿ ತಂತ್ರಜ್ಞರದೇ. ನಾವು ಚಿತ್ರ ಹಿಡಿದು, ವೇಗ ಅಳೆದು ಪ್ರಾಥಮಿಕ ಟಿಪ್ಪಣಿ ಬರೆಯುತ್ತೇವೆ. ವೈದ್ಯರು ಅದನ್ನು ಓದಿ ಅಂತಿಮ ವರದಿ ಕೊಡುತ್ತಾರೆ. ಅದಕ್ಕೆ ಆರ್‌ವಿಟಿ (ನೋಂದಾಯಿತ ರಕ್ತನಾಳ ತಂತ್ರಜ್ಞ) ಎಂಬ ಅರ್ಹತೆ ಇದೆ. ಶಬ್ದತರಂಗದ ಭೌತಶಾಸ್ತ್ರದ್ದು ಒಂದು ಪರೀಕ್ಷೆ, ರಕ್ತನಾಳದ್ದು ಇನ್ನೊಂದು. ಪರೀಕ್ಷೆಗೆ ಕೂರಲು ಕೂಡ ರೋಗಿಗಳ ಮೇಲೆ ಕೈ ಪಳಗಿಸಿದ ದಾಖಲೆ ಬೇಕಾಗುತ್ತದೆ. ಮಾಜಿ ಸೈನಿಕರ ಆಸ್ಪತ್ರೆಗಳು ಕೇಂದ್ರ ಸರ್ಕಾರದವು, ಅಲ್ಲಿ ಅಮೆರಿಕದ ಪೌರರಿಗೆ ಮೊದಲ ಆದ್ಯತೆ. ಅರ್ಹ ಪೌರರು ಸಿಗದಿದ್ದರೆ ಮಾತ್ರ ಬೇರೆಯವರು. ನಾನೂ ಬಹಳ ವರ್ಷ ಖಾಸಗಿ ಆಸ್ಪತ್ರೆಯಲ್ಲಿದ್ದು, ಪೌರತ್ವ ಸಿಕ್ಕ ಮೇಲೆ ಇಲ್ಲಿಗೆ ಬಂದವಳು. ನೇರವಾಗಿ ಅಲ್ಲಿಗೇ ಕಳಿಸುತ್ತೇವೆ ಎಂದು ಹಣ ಕೇಳುವ ಏಜೆಂಟರನ್ನು ನಂಬಬೇಡ.

ನನ್ನ ರೋಗಿಗಳಲ್ಲಿ ವಿಯೆಟ್ನಾಂ ಯುದ್ಧದವರು ಬಹಳ. ಅಲ್ಲಿ ಕಾಡಿನ ಎಲೆ ಉದುರಿಸಲು ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ರಾಸಾಯನಿಕದ ಸಂಪರ್ಕಕ್ಕೆ ಬಂದವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬಂದರೆ ಅದನ್ನು ಸೇವೆಯಿಂದ ಬಂದದ್ದೆಂದೇ ಸರ್ಕಾರ ಪರಿಗಣಿಸುತ್ತದೆ. 2022ರ ಕಾಯ್ದೆಯಿಂದ ರಕ್ತದೊತ್ತಡವೂ ಆ ಪಟ್ಟಿಗೆ ಸೇರಿತು. ಜೊತೆಗೆ ಹೊಗೆಸೊಪ್ಪು. ಈ ದೇಶದ ಸೈನಿಕರ ಪಡಿತರದ ಪೊಟ್ಟಣದಲ್ಲಿ 1975ರವರೆಗೂ ಸಿಗರೇಟು ಇರುತ್ತಿತ್ತು. ಹತ್ತೊಂಬತ್ತರ ಹುಡುಗನಿಗೆ ಅನ್ನದ ಜೊತೆ ಸಿಗರೇಟು ಕೊಟ್ಟು, ಎಪ್ಪತ್ತೈದನೇ ವಯಸ್ಸಿನಲ್ಲಿ ಅವನ ಕಾಲಿನಲ್ಲಿ ನಾಡಿ ಹುಡುಕುತ್ತಿದ್ದೇವೆ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಒಮ್ಮೆಯಾದರೂ ಸೇದಿದ ಅಭ್ಯಾಸವಿದ್ದ 65ರಿಂದ 75 ವರ್ಷದ ಗಂಡಸರಿಗೆ ಇಲ್ಲಿ ಒಂದು ಸಲ ಹೊಟ್ಟೆಯ ಮಹಾಪಧಮನಿ ಸ್ಕ್ಯಾನ್ ಮಾಡುವ ಶಿಫಾರಸು ಇದೆ. ಆ ನಾಳದ ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಊತ ಎನ್ನುತ್ತೇವೆ, ಗಂಡಸರಲ್ಲಿ 5.5 ತಲುಪಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು. ಒಡೆಯುವವರೆಗೂ ಅದು ನೋವು ಕೊಡದೇ ಇರಬಹುದು. ಅಂದರೆ ನೋವಿಲ್ಲ ಎಂದು ನಿಜವನ್ನೇ ಹೇಳುವವರಲ್ಲೂ ಅಪಾಯವಿರುತ್ತದೆ.

ನನಗೆ ಫಲ ಕೊಟ್ಟ ಉಪಾಯ ಇದು: ವಿಶ್ರಾಂತಿಯಲ್ಲಿ ಅಳತೆ ಸರಿಯಾಗಿ ಬಂದು ಅನುಮಾನ ಉಳಿದರೆ, ಗೋಡೆ ಹಿಡಿದು ನಿಂತು ಹಿಮ್ಮಡಿಯನ್ನು ಐವತ್ತು ಸಲ ಎತ್ತಿ ಇಳಿಸಲು ಹೇಳುತ್ತೇನೆ. ತಕ್ಷಣ ಮಲಗಿಸಿ ಮತ್ತೆ ಅಳೆಯುತ್ತೇನೆ. ಅಡಚಣೆ ಇದ್ದವರಲ್ಲಿ ಹರಡಿನ ಒತ್ತಡ ಕುಸಿಯುತ್ತದೆ. ಹಿಮ್ಮಡಿ ಎತ್ತುವುದು ಮೂವತ್ತನೇ ಸಲಕ್ಕೆ ಬಂದಾಗ ಅವರ ಮುಖ ನೋಡಬೇಕು. ಬಾಯಿ ಹೇಳದ್ದನ್ನು ಮುಖ ಹೇಳಿರುತ್ತದೆ.

ಇನ್ನೊಂದು ಮಾತು, ಕೆಲಸದವರಿಗೆ. ನಿಮ್ಮ ಭುಜ ನೋಡಿಕೊಳ್ಳಿ. ಈ ವೃತ್ತಿಯಲ್ಲಿ ಭುಜ, ಮಣಿಕಟ್ಟು ನೋವಿಲ್ಲದವರು ಅಪರೂಪ. ಮಂಚವನ್ನು ನಿಮ್ಮ ಎತ್ತರಕ್ಕೆ ಏರಿಸಿ, ರೋಗಿಯನ್ನು ಹತ್ತಿರಕ್ಕೆ ಸರಿಸಿ, ಮೊಣಕೈ ಪಕ್ಕೆಗೆ ಅಂಟಿಕೊಂಡಿರಲಿ, ಪ್ರೋಬ್ ಅನ್ನು ಹಿಡಿಯಿರಿ, ಹಿಸುಕಬೇಡಿ. ನಾನು ಇದನ್ನು ಕಲಿಯುವಷ್ಟರಲ್ಲಿ ಬಲಭುಜಕ್ಕೆ ಒಂದು ಶಸ್ತ್ರಚಿಕಿತ್ಸೆ ಆಗಿತ್ತು.

ನಿವೃತ್ತ ಸುಬೇದಾರ್, ಅರಕಲಗೂಡು ತಾಲ್ಲೂಕು

ಎರಡು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ನನ್ನ ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ.

ಮಗಳೇ, ನಾವು ಸುಳ್ಳು ಹೇಳುವವರಲ್ಲ. ಆದರೆ ಈ ಒಂದು ವಿಷಯದಲ್ಲಿ ಇಡೀ ಸೇವಾವಧಿ ನಮಗೆ ಹಾಗೆ ಅಭ್ಯಾಸವಾಗಿರುತ್ತದೆ. ಸೈನ್ಯದಲ್ಲಿ ವೈದ್ಯಕೀಯ ದರ್ಜೆ ಇರುತ್ತದೆ, ಶೇಪ್ ಎನ್ನುತ್ತಾರೆ. ಐದು ಅಕ್ಷರ, ಅದರಲ್ಲಿ ಒಂದು ಕೈಕಾಲಿಗೆ ಸೇರಿದ್ದು. ಶೇಪ್ ಒಂದು ಎಂದರೆ ಪೂರ್ತಿ ಸಮರ್ಥ. ಅದರಿಂದ ಇಳಿದರೆ ಬಡ್ತಿಗೆ ಪೆಟ್ಟು ಬೀಳಬಹುದು, ಜೊತೆಗಾರರು ಮುಂದೆ ಹೋಗುವಾಗ ನಾವು ಹಿಂದೆ ಉಳಿಯುತ್ತೇವೆ. ಆದ್ದರಿಂದ ಮೊಣಕಾಲು ನೋಯಲಿ, ಸೊಂಟ ನೋಯಲಿ, ಡಾಕ್ಟರ್ ಕೇಳಿದರೆ ‘ಠೀಕ್ ಹೈ ಸಾಬ್’. ಪಿಂಚಣಿ ಬಂದು ಇಪ್ಪತ್ತು ವರ್ಷವಾದರೂ ಬಿಳಿ ಕೋಟು ಕಂಡ ಕೂಡಲೇ ಬಾಯಿ ತಾನಾಗಿಯೇ ಅದನ್ನೇ ಹೇಳುತ್ತದೆ. ಹಿಮಗಡ್ಡೆಯಲ್ಲಿ ಇದ್ದು ಬಂದವರ ಕಾಲು ಇನ್ನೂ ಬೇರೆ. 1984ರಿಂದ ಸಿಯಾಚಿನ್‌ನಲ್ಲಿ ಎಷ್ಟು ಮಂದಿಯ ಬೆರಳು ಶೀತಕ್ಕೆ ಸತ್ತಿಲ್ಲ. ನಮ್ಮ ತುಕಡಿಯ ಒಬ್ಬನಿಗೆ ಅಷ್ಟು ಎತ್ತರದಲ್ಲಿ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೆಳಗೆ ಇಳಿಸಬೇಕಾಯಿತು. ಇಪ್ಪತ್ತಾರು ವರ್ಷದ ಗಟ್ಟಿ ಆಳು.

ಈಗ ದಾರಿ ಹೇಳುತ್ತೇನೆ. ‘ನೋವಿದೆಯೇ’ ಎಂದು ಕೇಳಬೇಡ. ಆ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರ. ತಿಂಗಳಿಗೊಮ್ಮೆ ಸೈನ್ಯದ ಕ್ಯಾಂಟೀನಿಗೆ ಸಾಮಾನು ತರಲು ಎಲ್ಲರೂ ಹೋಗುತ್ತೇವೆ. “ಬಸ್ಸಿಳಿದು ಕ್ಯಾಂಟೀನ್‌ವರೆಗೆ ಹೋಗುವಾಗ ಎಲ್ಲಿ ನಿಲ್ಲುತ್ತೀರಿ, ಎಷ್ಟು ಸಲ ನಿಲ್ಲುತ್ತೀರಿ?” ಎಂದು ಕೇಳು. ನಿಂತದ್ದಕ್ಕೆ ಕಾರಣ ನಾವು ಹೇಳುವುದಿಲ್ಲ, ನಿಂತ ಜಾಗ ಹೇಳುತ್ತೇವೆ. ಕಬ್ಬಿನಹಾಲಿನ ಅಂಗಡಿ, ಚಪ್ಪಲಿ ಅಂಗಡಿ, ಮೋರಿ ಕಟ್ಟೆ. ದೂರ ನೀನೇ ಲೆಕ್ಕ ಹಾಕಿಕೊ.

ಇನ್ನು ಬೂಟಿನ ವಿಷಯ. ರೂಟ್ ಮಾರ್ಚ್ ಮುಗಿದ ಮೇಲೆ ನಮ್ಮಲ್ಲಿ ಫುಟ್ ಇನ್‌ಸ್ಪೆಕ್ಷನ್ ಇರುತ್ತಿತ್ತು. ಎಲ್ಲರೂ ಬೂಟು, ಕಾಲುಚೀಲ ತೆಗೆದು ಸಾಲಾಗಿ ಕಾಲು ಚಾಚಿ ಕೂರಬೇಕು. ಬೊಬ್ಬೆ, ಬಿರುಕು, ಬೆರಳ ಸಂದಿ ಎಲ್ಲ ನೋಡುತ್ತಿದ್ದರು. ಅದರಲ್ಲಿ ನಾಚಿಕೆ ಇರಲಿಲ್ಲ, ಬೊಬ್ಬೆ ಮುಚ್ಚಿಟ್ಟವನಿಗೇ ಬೈಗುಳ ಬೀಳುತ್ತಿತ್ತು. ನಾನೂ ನನ್ನ ಹುಡುಗರ ಕಾಲನ್ನು ಹಾಗೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀನು ‘ಕಾಲುಚೀಲ ತೆಗೆಯಿರಿ’ ಎಂದರೆ ನಮಗೆ ಮುಜುಗರ, ಎದುರಿಗೆ ಮಗಳ ವಯಸ್ಸಿನವಳು. ‘ಫುಟ್ ಇನ್‌ಸ್ಪೆಕ್ಷನ್’ ಎಂದು ಹೇಳಿ ನೋಡು.

ವಿದ್ಯಾರ್ಥಿ, ಚನ್ನರಾಯಪಟ್ಟಣ

ಎಲ್ಲರಿಗೂ ಧನ್ಯವಾದ. ಏಜೆಂಟ್ ಒಬ್ಬರಿಗೆ ಮುಂಗಡ ಕೊಡುವ ಮಾತು ಮನೆಯಲ್ಲಿ ನಿಜವಾಗಿಯೂ ನಡೆಯುತ್ತಿತ್ತು. ನಿಲ್ಲಿಸಿದ್ದೇನೆ. ಇಂಟರ್ನ್‌ಶಿಪ್‌ನಲ್ಲಿ ರಕ್ತನಾಳ ವಿಭಾಗವಿರುವ ಕಡೆಯೇ ಹಾಕಿಸಿಕೊಳ್ಳಲು ಪ್ರಯತ್ನಿಸುತ್ತೇನೆ.

ನಾಳ ತಂತ್ರಜ್ಞೆ, ಹಾಸನ

ಹನ್ನೆರಡು ದಿನದ ನಂತರ ಬರೆಯುತ್ತಿದ್ದೇನೆ. ಮಾಡಿ ನೋಡದೆ ಬರೆಯಬಾರದು ಎಂದುಕೊಂಡಿದ್ದೆ.

ಮಂಗಳವಾರ ನಿವೃತ್ತ ನಾಯಕ್ ಒಬ್ಬರು ಬಂದರು, ಎಪ್ಪತ್ತೊಂದು ವರ್ಷ. ಮೊದಲು ಅವರ ಹೆಂಡತಿಯನ್ನು ಒಳಗೆ ಕರೆದು ಸ್ಟೂಲ್ ಹಾಕಿ ಕೂರಿಸಿದೆ. ಆಮೇಲೆ, ನನ್ನ ದನಿ ನನಗೇ ಹೊಸದೆನಿಸುತ್ತಿತ್ತು, “ಫುಟ್ ಇನ್‌ಸ್ಪೆಕ್ಷನ್, ಸಾಬ್” ಎಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಬೆನ್ನು ನೆಟ್ಟಗಾಯಿತು. ಬಗ್ಗಿ ಲೇಸು ಬಿಚ್ಚಿ, ಕಾಲುಚೀಲಗಳನ್ನು ಮಡಿಸಿ ಬೂಟಿನೊಳಗೆ ಇಟ್ಟು, ಎರಡೂ ಬೂಟನ್ನು ಮಂಚದ ಕೆಳಗೆ ಒಂದೇ ಗೆರೆಗೆ ಜೋಡಿಸಿ, ಮಂಚದ ಮೇಲೆ ಕಾಲು ಚಾಚಿ ಕುಳಿತರು. ಬೆರಳುಗಳನ್ನು ತಾವೇ ಅಗಲಿಸಿ ತೋರಿಸಿದರು. ಎಡಗಾಲಿನ ನಾಲ್ಕನೇ ಮತ್ತು ಐದನೇ ಬೆರಳಿನ ನಡುವೆ ಒಂದು ಸೀಳು ಇತ್ತು, ಒಳಗೆ ಕೀವು. “ಇದು ಯಾವಾಗಿನದು?” ಎಂದೆ. “ಹಬ್ಬಕ್ಕಿಂತ ಮುಂಚಿನದು” ಎಂದು ಅವರೇ ಹೇಳಿದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಕೆಗೂ ಗೊತ್ತಿರಲಿಲ್ಲ.

ಹರಡಿನಲ್ಲಿ ಲೆಕ್ಕ 1.5 ಬಂತು. ಸಕ್ಕರೆ ಕಾಯಿಲೆ ಹದಿನಾಲ್ಕು ವರ್ಷದಿಂದ ಇದೆ. ಚಿಕ್ಕಮಗಳೂರಿನ ಡಾಕ್ಟರ್ ಬರೆದದ್ದು ಕಣ್ಣ ಮುಂದೆಯೇ ಇತ್ತು. ಹೆಬ್ಬೆರಳಿನ ಪಟ್ಟಿ ಕಟ್ಟಿದೆ: 46. ವೈದ್ಯರಿಗೆ ಆಗಲೇ ಹೇಳಿದೆ. ಅಂದೇ ಸ್ಕ್ಯಾನ್ ಆಯಿತು, ಮರುದಿನ ಬೆಂಗಳೂರಿಗೆ ಕಳಿಸಿದರು. ಮೊನ್ನೆ ಬಲೂನ್ ಚಿಕಿತ್ಸೆ ಆಗಿದೆ, ಕಾಲು ಬೆಚ್ಚಗಾಗಿದೆ ಎಂದು ಅವರ ಮಗ ಫೋನ್ ಮಾಡಿ ತಿಳಿಸಿದರು.

ಕ್ಯಾಂಟೀನ್ ಪ್ರಶ್ನೆಯನ್ನು ಈವರೆಗೆ ಹದಿನಾರು ಮಂದಿಗೆ ಕೇಳಿದ್ದೇನೆ. ಹದಿನಾರು ಮಂದಿಯೂ ಉತ್ತರ ಕೊಟ್ಟಿದ್ದಾರೆ. ಈಗ ನನ್ನ ಪುಸ್ತಕದಲ್ಲಿ ಆ ರಸ್ತೆಯ ಒಂದು ನಕ್ಷೆಯೇ ಇದೆ, ಯಾವ ಅಂಗಡಿ ಎಷ್ಟು ಮೀಟರ್ ಎಂದು ಭಾನುವಾರ ನಾನೇ ನಡೆದು ಅಳೆದು ಬಂದೆ.

ಸುಬೇದಾರ್ ಸಾಹೇಬರೇ, ನಿಮ್ಮ ಕಾಲನ್ನು ಯಾರಾದರೂ ನೋಡಿದ್ದಾರೆಯೇ? ಗುರುವಾರ ಬೆಳಿಗ್ಗೆ ಜನ ಕಡಿಮೆ. ಪಾಲಿಕ್ಲಿನಿಕ್‌ನಿಂದ ಚೀಟಿ ಬರೆಸಿಕೊಂಡು, ಮನೆಯವರನ್ನೂ ಕರೆದುಕೊಂಡು ಬನ್ನಿ.

ನಿವೃತ್ತ ಸುಬೇದಾರ್, ಅರಕಲಗೂಡು ತಾಲ್ಲೂಕು

ನಾನು ಚೆನ್ನಾಗಿದ್ದೇನೆ ಎಂದು ಟೈಪ್ ಮಾಡಲು ಹೇಳಿದೆ. ಮೊಮ್ಮಗ ಮಾಡಲಿಲ್ಲ. ಗುರುವಾರ ಬರುತ್ತೇನೆ ಮಗಳೇ. ಎಡಗಾಲು.